ಮಿದುಳನ್ನು ಹೊದ್ದ ಮೂರು ಪೊರೆಗಳು

ತೆಂಗಿನಕಾಯಿಯ ರಚನೆ ನಮಗೆಲ್ಲರಿಗೂ ತಿಳಿದುದೇ ಆಗಿದೆ. ಹೊರಗೆ ನಾರಿನ ಸಿಪ್ಪೆ, ಅದರೊಳಗೆ ಗಡುಸಾದ ಕರಟ, ಕರಟದ ಒಳಮೈಗೆ ಅಂಟಿದ ಕಂದುಬಣ್ಣದ ತೆಳುಪೊರೆ, ಆಮೇಲೆ ತಿರುಳು. ನಮಗೆ ಬೇಕಾದುದು ತಿರುಳು. ಉಳಿದುದೆಲ್ಲ ಅದರ ಹೊದಿಕೆ ಮಾತ್ರ. ಮನುಷ್ಯನ ತಲೆಯನ್ನು ಕೊಯ್ದು ಪರೀಕ್ಷಿಸಿದ ಶರೀರಶಾಸ್ತ್ರಜ್ಞರೂ ಬಹುಕಾಲ ಹೀಗೆಯೇ ಭಾವಿಸಿದ್ದರು. ಚರ್ಮವನ್ನು ಸುಲಿದು, ಬುರುಡೆಯನ್ನು ಗರಗಸದಿಂದ ಕೊಯ್ದು ತೆಗೆದರೆ ಮಿದುಳಿಗೆ ಮೊದಲು ಕೆಲವು ಪೊರೆಗಳು ಅಡ್ಡಬರುತ್ತವೆ. ಅವನ್ನು ಹರಿದು ಬದಿಗಿಟ್ಟು ಮಿದುಳಿನ ಕಡೆಗೆ ಗಮನ ಕೊಡುವುದೇ ಪದ್ಧತಿಯಾಗಿತ್ತು.

ಹಾಗೆ ಬದಿಗಿಟ್ಟ ಪೊರೆಗಳಲ್ಲಿಯೇ ಒಂದು ದೊಡ್ಡ ಸಂಗತಿ ಅಡಗಿದ್ದಿತು. 2015ರಿಂದ ಈಚೆಗೆ ನಡೆದ ಸಂಶೋಧನೆಗಳಿಂದ ಇವು ಕೇವಲ ಹೊದಿಕೆಗಳಲ್ಲವೆಂಬುದು ಸ್ಪಷ್ಟವಾಗಿದೆ. ಮಿದುಳಿನ ಕಸವನ್ನು ಹೊರಸಾಗಿಸುವ ದಾರಿಯೂ, ರೋಗಾಣುಗಳು ಒಳನುಗ್ಗದಂತೆ ತಡೆಯುವ ಕಾವಲೂ ಈ ಪೊರೆಗಳಲ್ಲಿವೆ. ಮುಪ್ಪಿನಲ್ಲಿ ಬರುವ ಮರೆವಿನ ರೋಗಕ್ಕೂ, ತಲೆಗೆ ಬಿದ್ದ ಪೆಟ್ಟಿನ ಪರಿಣಾಮಗಳಿಗೂ, ಮೆನಿಂಜೈಟಿಸ್ ಎಂಬ ಭಯಂಕರ ವ್ಯಾಧಿಗೂ ಇವುಗಳ ಸಂಬಂಧವುಂಟು. ಆದುದರಿಂದ ಇವುಗಳ ವಿಚಾರವಾಗಿ ಸ್ವಲ್ಪ ತಿಳಿದುಕೊಳ್ಳುವುದು ಪ್ರತಿಯೊಬ್ಬರಿಗೂ ಪ್ರಯೋಜನಕರ.

ಮೂರು ಹೊದಿಕೆಗಳು

ಮಿದುಳನ್ನೂ ಅದರಿಂದ ಕೆಳಗಿಳಿಯುವ ಬೆನ್ನುಹುರಿಯನ್ನೂ ಆವರಿಸಿರುವ ಪೊರೆಗಳು ಮೂರು. ಎಲ್ಲಕ್ಕೂ ಹೊರಗಿನದು ತೊಗಲಿನಂತೆ ಗಟ್ಟಿಯಾದುದು. ತಲೆಯಲ್ಲಿ ಇದು ಬುರುಡೆಯ ಒಳಮೈಗೆ ಬಲವಾಗಿ ಅಂಟಿಕೊಂಡಿರುತ್ತದೆ. ಇದಕ್ಕೆ ಡ್ಯೂರಾ ಮೇಟರ್ ಎಂದು ಹೆಸರು. ನಾವು ಗಡಸುಪೊರೆ ಎನ್ನೋಣ. ನಡುವಿನದು ಅರಕ್ನಾಯ್ಡ್, ಜೇಡನ ಬಲೆಯಂತಹ ಎಳೆಗಳುಳ್ಳದ್ದಾದುದರಿಂದ ಇದನ್ನು ಬಲೆಪೊರೆ ಎನ್ನಬಹುದು. ಒಳಗಿನದು ಪಿಯಾ ಮೇಟರ್. ಇದು ಅತಿ ತೆಳುವಾದುದು, ಮಿದುಳಿನ ಏರುತಗ್ಗುಗಳನ್ನೆಲ್ಲ ಅನುಸರಿಸಿ ಅದರ ಮೈಗೆ ಹತ್ತಿಕೊಂಡಿರುವ ಮೃದುಪೊರೆ.

ಈ ಹೆಸರುಗಳ ಹುಟ್ಟೂ ಸ್ವಾರಸ್ಯವಾಗಿದೆ. ಮೇಟರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತಾಯಿ. ಅರಬ್ ವೈದ್ಯರು ಈ ಪೊರೆಗಳನ್ನು ಗಟ್ಟಿಯಾದ ತಾಯಿ, ನವುರಾದ ತಾಯಿ ಎಂದು ಕರೆಯುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಅವರ ವೈದ್ಯಗ್ರಂಥ ಲ್ಯಾಟಿನ್ನಿಗೆ ಬಂದಾಗ ನವುರು ಎಂಬ ಮಾತು ಭಕ್ತಿಯುಳ್ಳವಳು ಎಂಬರ್ಥದ ‘ಪಿಯಾ’ ಆಯಿತು. ಅನುವಾದ ತುಸು ಜಾರಿತಾದರೂ ಹೆಸರು ಉಳಿಯಿತು.

ಬಲೆಪೊರೆಗೂ ಮೃದುಪೊರೆಗೂ ನಡುವೆ ನೀರಿನಂತೆ ತಿಳಿಯಾದ ಒಂದು ದ್ರವ ತುಂಬಿರುತ್ತದೆ. ವಯಸ್ಕರ ಶರೀರದಲ್ಲಿ ಇದರ ಒಟ್ಟು ಪ್ರಮಾಣ ಸುಮಾರು 150 ಮಿಲಿಲೀಟರು; ಆದರೆ ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರು. ಎಂದರೆ ದಿನಕ್ಕೆ ಮೂರು ನಾಲ್ಕು ಬಾರಿ ಹಳೆಯ ದ್ರವ ಹೋಗಿ ಹೊಸದು ತುಂಬುತ್ತದೆಯೆಂದಾಯಿತು. ಸುಮಾರು 1,400 ಗ್ರಾಂ ತೂಗುವ ಮಿದುಳು ಈ ದ್ರವದಲ್ಲಿ ತೇಲುತ್ತಿರುವುದರಿಂದ ಅದರ ಭಾರ 50 ಗ್ರಾಂನಷ್ಟಕ್ಕೆ ಇಳಿದಂತಾಗುತ್ತದೆ. ಹೀಗಿಲ್ಲದಿದ್ದರೆ ಬೆಣ್ಣೆಯಂತೆ ಮೆದುವಾದ ಮಿದುಳು ತನ್ನ ಭಾರಕ್ಕೆ ತಾನೇ ನಲುಗಿಹೋಗುತ್ತಿತ್ತು.

ತಲೆನೋವಿನ ವಿಷಯದಲ್ಲಿಯೂ ಪೊರೆಗಳ ಪಾತ್ರ ದೊಡ್ಡದು. ಮಿದುಳಿನ ತಿರುಳಿಗೆ ನೋವೆಂಬುದೇ ಗೊತ್ತಾಗದು. ನ್ಯೂಯಾರ್ಕಿನ ರೇ ಮತ್ತು ವುಲ್ಫ್ ಎಂಬ ವೈದ್ಯರು, ಎಚ್ಚರವಾಗಿದ್ದ ರೋಗಿಗಳ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತಲೆಯೊಳಗಣ ಭಾಗಗಳನ್ನು ಒಂದೊಂದಾಗಿ ಮುಟ್ಟಿ ಪರೀಕ್ಷಿಸಿ, ತಮ್ಮ ಫಲಿತಾಂಶಗಳನ್ನು 1940ರಲ್ಲಿ ಪ್ರಕಟಿಸಿದರು. ಮಿದುಳನ್ನು ಮುಟ್ಟಿದಾಗ ರೋಗಿಗಳಿಗೆ ನೋವಾಗಲಿಲ್ಲ. ಗಡಸುಪೊರೆಯ ಕೆಲವು ಭಾಗಗಳನ್ನೂ ಅದರ ರಕ್ತನಾಳಗಳನ್ನೂ ಮುಟ್ಟಿದಾಗ ನೋವಾಯಿತು. ತಲೆ ಸಿಡಿಯುತ್ತಿದೆ ಎಂದು ನಾವು ಹಲುಬುವಾಗ ಅನೇಕ ವೇಳೆ ನರಳುತ್ತಿರುವುದು ಮಿದುಳಲ್ಲ, ಅದರ ಹೊದಿಕೆ.

ತೂಬಿಲ್ಲದ ಕೆರೆ

ದಿನಕ್ಕೆ ಅರ್ಧ ಲೀಟರು ದ್ರವ ಹುಟ್ಟುವುದಾದರೆ ಅಷ್ಟೇ ದ್ರವ ಹೊರಗೆ ಹೋಗಲೂ ಬೇಕಷ್ಟೆ. ಹೋಗುವ ದಾರಿ ಯಾವುದು? ಶರೀರದ ಉಳಿದ ಭಾಗಗಳಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ರಕ್ತನಾಳಗಳಿಂದ ಜಿನುಗಿದ ದ್ರವವನ್ನೂ ಜೀವಕಣಗಳು ಬಿಟ್ಟ ಕಸವನ್ನೂ ಒಟ್ಟುಗೂಡಿಸಿ ಒಯ್ಯುವುದಕ್ಕೆ ದುಗ್ಧನಾಳಗಳೆಂಬ ಸೂಕ್ಷ್ಮ ಕಾಲುವೆಗಳಿವೆ. ಇವುಗಳ ದಾರಿಯಲ್ಲಿ ದುಗ್ಧಗ್ರಂಥಿಗಳಿದ್ದು, ಅಲ್ಲಿ ಬಿಳಿಯ ರಕ್ತಕಣಗಳು ಹರಿದು ಬಂದ ವಸ್ತುಗಳನ್ನು ತಪಾಸಣೆ ಮಾಡುತ್ತವೆ. ಗಂಟಲು ಕೆಟ್ಟಾಗ ದವಡೆಯ ಕೆಳಗೆ ಗೆಡ್ಡೆಯಂತೆ ಕೈಗೆ ಸಿಗುವುದು ಇಂತಹ ಗ್ರಂಥಿಯೇ.

ಆದರೆ ಮಿದುಳಿಗೆ ಮಾತ್ರ ದುಗ್ಧನಾಳಗಳಿಲ್ಲವೆಂದು ಪಠ್ಯಪುಸ್ತಕಗಳೆಲ್ಲ ಹೇಳುತ್ತಿದ್ದುವು. ಬಲೆಪೊರೆಯ ಸಣ್ಣ ಮೊಗ್ಗುಗಳ ಮೂಲಕ ದ್ರವವು ನೇರವಾಗಿ ದೊಡ್ಡ ಅಭಿಧಮನಿಗಳಿಗೆ ಸೇರುವುದೆಂದು ವಿವರಿಸಲಾಗಿತ್ತು. ಕೆರೆಗೆ ಕೋಡಿಯಿದೆ, ತೂಬಿಲ್ಲ ಎಂದ ಹಾಗೆ.

ಈ ಅಭಿಪ್ರಾಯಕ್ಕೆ ವಿರುದ್ಧವಾಗಿ ಸಾಕ್ಷ್ಯ ನುಡಿದವನೊಬ್ಬನಿದ್ದನು. ಇಟಲಿಯ ಪಾವೊಲೊ ಮಾಸ್ಕಾನಿ ಎಂಬ ಶರೀರಶಾಸ್ತ್ರಜ್ಞನು ಶವಗಳ ದುಗ್ಧನಾಳಗಳಿಗೆ ಪಾದರಸವನ್ನು ತುಂಬಿ, ಅವು ಹೊಳೆಯುವಂತೆ ಮಾಡಿ, ದೇಹದಾದ್ಯಂತ ಅವುಗಳ ಜಾಲವನ್ನು ಚಿತ್ರಿಸಿ 1787ರಲ್ಲಿ ಒಂದು ಮಹಾಗ್ರಂಥವನ್ನು ಪ್ರಕಟಿಸಿದನು. ಮಿದುಳಿನ ಪೊರೆಗಳಲ್ಲಿಯೂ ಅಂತಹ ನಾಳಗಳಿವೆಯೆಂದು ಅವನು ಹೇಳಿದನು. ಬೇರೆಯವರಿಗೆ ಅವು ಕಾಣಲಿಲ್ಲವಾದುದರಿಂದ ಅವನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ 1948ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡಾವರ್ ಮೊಲಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಪರಕೀಯ ಚರ್ಮದ ತುಣುಕನ್ನು ಮೈಮೇಲೆ ನಾಟಿದರೆ ಶರೀರವು ಅದನ್ನು ಬೇಗ ನಾಶಮಾಡುತ್ತದೆ. ಅದನ್ನೇ ಮಿದುಳಿನಲ್ಲಿ ನಾಟಿದರೆ, ಅಂತಹ ಚರ್ಮದ ಪರಿಚಯ ಮೊದಲೇ ಶರೀರಕ್ಕೆ ಆಗಿಲ್ಲದ ಪಕ್ಷದಲ್ಲಿ, ಪ್ರತಿರೋಧ ಹುಟ್ಟುವುದಿಲ್ಲವೆಂದು ಅವರು ಕಂಡರು. ಮಿದುಳಿಗೆ ದುಗ್ಧನಾಳಗಳಿಲ್ಲದಿರುವುದೇ ಕಾರಣವಿರಬೇಕೆಂದು ತರ್ಕಿಸಿದರು. 1960ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹಾವಿಜ್ಞಾನಿ ಅವರು. ಮಿದುಳು ಶರೀರದ ರಕ್ಷಣಾವ್ಯವಸ್ಥೆಯಿಂದ ಬೇರ್ಪಟ್ಟ ಒಂದು ದ್ವೀಪವೆಂಬ ಭಾವನೆ ಮುಂದಿನ ದಶಕಗಳಲ್ಲಿ ಇನ್ನಷ್ಟು ಬೇರೂರಿತು.

ನಾಳಗಳು ಕಂಡ ಬಗೆ

ಆ ನಾಳಗಳು ಇಷ್ಟು ಕಾಲ ಕಣ್ಣಿಗೆ ಬೀಳದಿದ್ದುದೇಕೆ? ಕಾರಣ ಸರಳವಾದುದು. ಬುರುಡೆಯನ್ನು ತೆಗೆಯುವಾಗ ಗಡಸುಪೊರೆ ಹರಿದುಹೋಗುತ್ತಿತ್ತು. ಹರಿಯದೆ ಉಳಿದುದನ್ನು ತೆಳುವಾಗಿ ಅಡ್ಡಗೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಳವು ಒಂದು ಸಣ್ಣ ತೂತಿನಂತೆ ಮಾತ್ರ ತೋರುತ್ತಿತ್ತು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಜೊನಾಥನ್ ಕಿಪ್ನಿಸ್ ಅವರ ಪ್ರಯೋಗಶಾಲೆಯಲ್ಲಿದ್ದ ಅಂತ್ವಾನ್ ಲುವೊ ಎಂಬವರು ಕ್ರಮವನ್ನು ತಿರುಗುಮುರುಗು ಮಾಡಿದರು. ಇಲಿಯ ಪೊರೆ ಬುರುಡೆಗೆ ಅಂಟಿಕೊಂಡಿರುವಂತೆಯೇ ಅದನ್ನು ರಾಸಾಯನಿಕದಿಂದ ಗಟ್ಟಿಗೊಳಿಸಿ, ಅನಂತರ ಇಡಿಯ ಪೊರೆಯನ್ನು ಹಾಳೆಯಂತೆ ಬಿಡಿಸಿ, ಹರಡಿ ನೋಡಿದರು. ರಕ್ಷಕಕಣಗಳು ಅಲ್ಲಲ್ಲಿ ಚೆದುರಿರದೆ ಸಾಲುಗಟ್ಟಿ ನಿಂತಿದ್ದುವು. ಯಾವುದೋ ನಾಳದೊಳಗೆ ಇದ್ದಂತೆ ತೋರಿತು. ದುಗ್ಧನಾಳಗಳ ಗುರುತಾದ ಪ್ರೋಟೀನುಗಳಿಗಾಗಿ ಪರೀಕ್ಷಿಸಿದಾಗ ಆ ಪ್ರೋಟೀನುಗಳು ದೊರೆತುವು. ನೆತ್ತಿಯ ನಡುವೆ ಹಿಂದುಮುಂದಾಗಿ ಹರಿಯುವ ದೊಡ್ಡ ಅಭಿಧಮನಿಯ ಪಕ್ಕದಲ್ಲಿಯೇ ದುಗ್ಧನಾಳಗಳು ಸಾಗಿದ್ದುವು. ಅವು ಹೊತ್ತ ದ್ರವ ಕೊರಳಿನ ಆಳದ ಗ್ರಂಥಿಗಳಿಗೆ ತಲಪುತ್ತಿತ್ತು. 2015ರ ಜೂನಿನಲ್ಲಿ ಈ ಸಂಗತಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಾರಿ ಅಲಿತಾಲೊ ಅವರ ತಂಡವೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದಿತ್ತು. ಮಾಸ್ಕಾನಿಯ ಗ್ರಂಥ ಹೊರಬಂದು ಆಗಲೇ 228 ವರ್ಷಗಳಾಗಿದ್ದುವು.

ಇಲಿಗಳಲ್ಲಿ ಇರುವುದು ಮನುಷ್ಯರಲ್ಲಿ ಇರಲೇಬೇಕೆಂದೇನೂ ಇಲ್ಲ. ಆದುದರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಡೇನಿಯಲ್ ರೈಕ್ ಮತ್ತು ಅವರ ಸಂಗಡಿಗರು ಐದು ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿದರು. ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿ. ಗಡಸುಪೊರೆಯ ರಕ್ತನಾಳಗಳದು ಅಷ್ಟು ಬಿಗಿಯಲ್ಲ. ರಕ್ತಕ್ಕೆ ಸೇರಿಸಿದ ಒಂದು ವರ್ಣಕವಸ್ತು ಅಲ್ಲಿ ಹೊರಕ್ಕೆ ಜಿನುಗಿ, ದುಗ್ಧನಾಳಗಳಲ್ಲಿ ಕೂಡಿಕೊಂಡು, ಚಿತ್ರದಲ್ಲಿ ಬೆಳ್ಳಗೆ ಹೊಳೆಯಿತು. ರಕ್ತದಲ್ಲಿಯೇ ಉಳಿಯುವ ಬೇರೊಂದು ವಸ್ತುವನ್ನು ಉಪಯೋಗಿಸಿದಾಗ ಆ ಗೆರೆಗಳು ಕಾಣಲಿಲ್ಲ. ಹೊಳೆದುವು ರಕ್ತನಾಳಗಳಲ್ಲವೆಂಬುದು ಇದರಿಂದ ದೃಢಪಟ್ಟಿತು. ಇದು 2017ರ ಮಾತು.

ಒಂದು ತೊಡಕು ಉಳಿದಿತ್ತು. ಬಲೆಪೊರೆಯು ದ್ರವವನ್ನು ಸೋರಗೊಡದ ಗೋಡೆ. ದುಗ್ಧನಾಳಗಳಾದರೋ ಅದರಾಚೆಗಿನ ಗಡಸುಪೊರೆಯಲ್ಲಿವೆ. ದ್ರವವು ಗೋಡೆಯನ್ನು ದಾಟುವುದೆಂತು? ಮಿದುಳಿನಿಂದ ಹೊರಟ ಅಭಿಧಮನಿಗಳು ಬಲೆಪೊರೆಯನ್ನು ತೂರಿಹೋಗುವ ಕಡೆಗಳಲ್ಲಿ ಅವುಗಳ ಸುತ್ತ ಸಣ್ಣ ಸಂದು ಉಳಿದಿರುವುದೆಂದೂ, ಆ ಸಂದುಗಳೇ ದಾರಿಯೆಂದೂ 2024ರಲ್ಲಿ ಕಿಪ್ನಿಸ್ ಅವರ ತಂಡವು ತೋರಿಸಿತು. ಮೂರು ಪೊರೆಗಳಲ್ಲದೆ ಅತಿ ತೆಳುವಾದ ನಾಲ್ಕನೆಯದೂ ಒಂದಿದೆಯೆಂದು 2023ರಲ್ಲಿ ಕೆಲವರು ಸಾರಿದ್ದಾರೆ. ಅದು ಬಲೆಪೊರೆಯದೇ ಒಂದು ಪದರವೆಂದು ಇತರರು ವಾದಿಸುತ್ತಾರೆ.

ಕಾವಲಿನ ಠಾಣೆ

ಗಡಸುಪೊರೆಯಲ್ಲಿ ರಕ್ಷಕಕಣಗಳು ಬೀಡುಬಿಟ್ಟಿರುತ್ತವೆಂದೆವು. ಇವು ಬರುವುದೆಲ್ಲಿಂದ? ರಕ್ತದ ಕಣಗಳು ಮೂಳೆಗಳ ಮಜ್ಜೆಯಲ್ಲಿ ಹುಟ್ಟಿ, ರಕ್ತದೊಡನೆ ಹರಿದು ಎಲ್ಲ ಕಡೆಗೂ ಹೋಗುತ್ತವೆಂಬುದು ತಿಳಿದ ವಿಷಯ. ಬುರುಡೆಯ ಮೂಳೆಯಲ್ಲಿಯೂ ಮಜ್ಜೆಯಿದೆ. ಆ ಮಜ್ಜೆಯಿಂದ ನೇರವಾಗಿ ಗಡಸುಪೊರೆಗೆ ತೆರೆಯುವ ಅತಿ ಸೂಕ್ಷ್ಮ ಸುರಂಗಗಳನ್ನು 2018ರಲ್ಲಿ ಬಾಸ್ಟನ್ನಿನ ಮಥಿಯಾಸ್ ನಾಹ್ರೆಂಡಾರ್ಫ್ ಅವರ ತಂಡ ಕಂಡುಹಿಡಿಯಿತು. ಮಿದುಳಿಗೆ ಆಘಾತವಾದ ಇಲಿಗಳಲ್ಲಿ, ಕಾಲಿನ ಮೂಳೆಗಿಂತ ಬುರುಡೆಯ ಮೂಳೆಯಿಂದಲೇ ಹೆಚ್ಚು ರಕ್ಷಕಕಣಗಳು ಬಂದಿದ್ದುವು. ಮನುಷ್ಯರ ಬುರುಡೆಯ ತುಣುಕುಗಳಲ್ಲಿಯೂ ಅಂತಹ ಸುರಂಗಗಳು ಕಂಡುಬಂದುವು. ಕೋಟೆಯ ಗೋಡೆಯೊಳಗೇ ಸೈನಿಕರ ವಸತಿಯಿದ್ದಂತೆ ಈ ಏರ್ಪಾಡು.

ಇನ್ನೂ ವಿಸ್ಮಯಕರವಾದುದು ಕರುಳಿನ ಸಂಬಂಧ. ಗಡಸುಪೊರೆಯ ದೊಡ್ಡ ಅಭಿಧಮನಿಗಳ ಪಕ್ಕದಲ್ಲಿ ಪ್ರತಿವಿಷಗಳನ್ನು ತಯಾರಿಸುವ ಕಣಗಳಿವೆ. 2020ರಲ್ಲಿ ಕೇಂಬ್ರಿಜ್ಜಿನ ಮೆನ್ನಾ ಕ್ಲಾಟ್‌ವರ್ದಿ ಮೊದಲಾದವರು, ಈ ಕಣಗಳಲ್ಲಿ ಕೆಲವು ಕರುಳಿನಲ್ಲಿ ಶಿಕ್ಷಣ ಪಡೆದು ಬಂದವೆಂದು ತೋರಿಸಿದರು. ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ಪೊರೆಯಲ್ಲಿ ಇವು ತೀರ ವಿರಳವಾಗಿದ್ದುವು. ಈ ಕಣಗಳನ್ನು ನಾಶಪಡಿಸಿ, ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನು ಇಲಿಯ ರಕ್ತಕ್ಕೆ ಸೇರಿಸಿದಾಗ ಅದು ಮಿದುಳಿನೊಳಕ್ಕೆ ಹಬ್ಬಿತು. ಕರುಳಿನಿಂದ ತಪ್ಪಿಸಿಕೊಂಡು ರಕ್ತಕ್ಕೆ ಬೀಳಬಹುದಾದ ಶತ್ರುವನ್ನು ಅಲ್ಲಿಯೇ ಪಳಗಿದ ಕಾವಲುಗಾರನು ತಲೆಯ ಬಾಗಿಲಲ್ಲಿ ಕಾಯುತ್ತಿರುತ್ತಾನೆ.

ಹೂಳು ತುಂಬಿದಾಗ

ತೂಬು ಕಟ್ಟಿದರೆ ಕೆರೆಯ ಗತಿಯೇನು? ವಿಜ್ಞಾನಿಗಳು ಇಂದು ಆತುರದಿಂದ ಕೇಳುತ್ತಿರುವ ಪ್ರಶ್ನೆ ಇದೇ. ಆಲ್ಝೈಮರ್ ರೋಗದಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಹೂಳಿನಂತೆ ಶೇಖರವಾಗುತ್ತದೆ. ಮುಪ್ಪಾದ ಇಲಿಗಳಲ್ಲಿ ಪೊರೆಯ ದುಗ್ಧನಾಳಗಳ ಹರಿವು ಕುಗ್ಗುವುದೆಂದು 2018ರಲ್ಲಿ ವರ್ಜೀನಿಯಾದ ತಂಡ ತಿಳಿಸಿತು. ನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನನ್ನು ಕೊಟ್ಟಾಗ ಆ ಇಲಿಗಳ ಹರಿವೂ ಕಲಿಯುವ ಶಕ್ತಿಯೂ ಉತ್ತಮಗೊಂಡುವು. ಆಲ್ಝೈಮರ್ ರೋಗವನ್ನು ಹೋಲುವ ವ್ಯಾಧಿಯುಳ್ಳ ಇಲಿಗಳಲ್ಲಿ ಈ ನಾಳಗಳನ್ನು ಕೆಡಿಸಿದಾಗ ಹೂಳು ಹೆಚ್ಚಿತು. ತಲೆಗೆ ಲಘುವಾದ ಪೆಟ್ಟು ಬಿದ್ದರೂ ಇಲಿಗಳಲ್ಲಿ ಈ ಹರಿವು ಕೆಡುವುದೆಂದು 2020ರ ಪ್ರಯೋಗಗಳು ತೋರಿಸಿವೆ.

ಮಿದುಳಿನ ಒಳಗಣ ಕಸ ಹೊರಕ್ಕೆ ಹೇಗೆ ಬರುತ್ತದೆಂಬ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದ್ರವವು ಅಪಧಮನಿಗಳ ಅಂಚಿನಲ್ಲಿ ಒಳಹೊಕ್ಕು ಮಿದುಳನ್ನು ತೊಳೆದು ಹೊರಬರುವುದೆಂದು 2012ರಲ್ಲಿಯೂ, ನಿದ್ರೆಯಲ್ಲಿ ಈ ಕೆಲಸ ಹೆಚ್ಚು ಚುರುಕೆಂದು 2013ರಲ್ಲಿಯೂ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಇಲಿಗಳ ಪ್ರಯೋಗದಿಂದ ಪ್ರತಿಪಾದಿಸಿತು. 2021ರಲ್ಲಿ ಆಸ್ಲೋ ನಗರದ ವೈದ್ಯರು, ಒಂದು ರಾತ್ರಿ ನಿದ್ದೆಗೆಟ್ಟ ಮನುಷ್ಯರ ಮಿದುಳಿನಿಂದ ವರ್ಣಕವಸ್ತು ನಿಧಾನವಾಗಿ ಹೊರಹೋಯಿತೆಂದು ವರದಿ ಮಾಡಿದರು. 2024ರಲ್ಲಿ ಲಂಡನ್ನಿನ ನಿಕೊಲಸ್ ಫ್ರಾಂಕ್ಸ್ ಮೊದಲಾದವರಿಗೆ ಇಲಿಗಳಲ್ಲಿ ಇದಕ್ಕೆ ವಿರುದ್ಧವಾದ ಫಲ ದೊರೆಯಿತು. ನಿದ್ರೆಯಲ್ಲಿ ಶುದ್ಧೀಕರಣ ಕಡಿಮೆಯಾಗಿತ್ತು. ನಿದ್ರೆ ಮಿದುಳಿಗೆ ಅವಶ್ಯಕವೆಂಬುದರಲ್ಲಿ ಸಂದೇಹವಿಲ್ಲ. ಅದು ಕಸ ತೊಳೆಯುವ ಮೂಲಕವೇ ಉಪಕರಿಸುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇಲಿಗಳಲ್ಲಿ ಕಂಡುದು ಮನುಷ್ಯರಿಗೆ ಔಷಧವಾಗುವ ಮುನ್ನ ದೂರದ ದಾರಿಯನ್ನು ಸವೆಸಬೇಕು. ಆದರೆ ಆಸೆಗೆ ಅಷ್ಟು ತಾಳ್ಮೆಯಿಲ್ಲ. ಕೊರಳಿನ ದುಗ್ಧನಾಳಗಳನ್ನು ಅಭಿಧಮನಿಗೆ ಜೋಡಿಸಿದರೆ ಮಿದುಳಿನ ಕಸ ಸರಾಗವಾಗಿ ಹರಿದೀತೆಂದು ಚೀನಾದ ಅನೇಕ ಆಸ್ಪತ್ರೆಗಳಲ್ಲಿ ಮರೆವಿನ ರೋಗಿಗಳಿಗೆ ಶಸ್ತ್ರಚಿಕಿತ್ಸೆ ನಡೆಯತೊಡಗಿತು. ಸಾಕಷ್ಟು ಪ್ರಮಾಣವಿಲ್ಲವೆಂದು ಆ ದೇಶದ ಆರೋಗ್ಯ ಆಯೋಗವೇ 2025ರ ಜುಲೈಯಲ್ಲಿ ಆಲ್ಝೈಮರ್ ರೋಗಕ್ಕೆ ಈ ಚಿಕಿತ್ಸೆಯನ್ನು ನಿಷೇಧಿಸಿತು. ಹೆತ್ತವರ ಮರೆವಿನಿಂದ ಕಂಗೆಟ್ಟ ಮಕ್ಕಳು ಯಾವ ಭರವಸೆಯನ್ನಾದರೂ ಹಿಡಿಯಲು ಸಿದ್ಧರಿರುತ್ತಾರೆ. ಅಂತಹವರಿಗೆ ಪರೀಕ್ಷೆಗೆ ಒಳಪಡದ ಚಿಕಿತ್ಸೆಯನ್ನು ಮಾರುವುದು ನ್ಯಾಯವಲ್ಲ.

ಮನೆಮಂದಿ ಅರಿತಿರಬೇಕಾದುದು

ಮುಂದಿನ ಔಷಧಗಳ ಮಾತು ಹಾಗಿರಲಿ. ಪೊರೆಗಳ ವಿಷಯದಲ್ಲಿ ಈಗಲೇ ಜೀವ ಉಳಿಸಬಲ್ಲ ತಿಳಿವಳಿಕೆಯೂ ಕೆಲವಿದೆ.

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಮುದುಕರು ತಡವರಿಸಿದರೆ, ಗೊಂದಲಪಟ್ಟರೆ, ವಯಸ್ಸಾಯಿತು ಎಂದು ಸುಮ್ಮನಾಗುತ್ತೇವೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಅದರಿಂದ ಗಡಸುಪೊರೆಗೆ ಸಾಗುವ ಸಣ್ಣ ಅಭಿಧಮನಿಗಳು ಎಳೆದಂತಾಗಿರುತ್ತವೆ. ಬಚ್ಚಲಲ್ಲಿ ಜಾರಿಯೋ ಹೊಸ್ತಿಲು ಎಡವಿಯೋ ತಲೆಗೆ ಸಣ್ಣ ಪೆಟ್ಟು ಬಿದ್ದರೂ ಅವು ಹರಿದು, ಗಡಸುಪೊರೆಗೂ ಬಲೆಪೊರೆಗೂ ನಡುವೆ ರಕ್ತ ನಿಧಾನವಾಗಿ ಕೂಡಿಕೊಳ್ಳಬಹುದು. ತಲೆನೋವು, ಮಂಕುತನ, ನಡಿಗೆಯಲ್ಲಿ ತೂರಾಟ, ಒಂದು ಪಕ್ಕದ ಬಲಹೀನತೆ ಇವು ಕಾಣಿಸಿಕೊಳ್ಳುವುದು ಕೆಲವು ವಾರಗಳ ಅನಂತರ. ಅಷ್ಟರಲ್ಲಿ ಬಿದ್ದುದೇ ಮರೆತುಹೋಗಿರುತ್ತದೆ. ಸ್ಕ್ಯಾನ್ ಮಾಡಿಸಿದರೆ ರೋಗ ಗೊತ್ತಾಗುತ್ತದೆ. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ರಕ್ತವನ್ನು ಹೊರತೆಗೆದರೆ ಅನೇಕರು ಮೊದಲಿನಂತಾಗುತ್ತಾರೆ. ಗಡಸುಪೊರೆಗೆ ರಕ್ತ ಒದಗಿಸುವ ಅಪಧಮನಿಯನ್ನೂ ಮುಚ್ಚಿದರೆ ರಕ್ತ ಮತ್ತೆ ಕೂಡಿಕೊಳ್ಳುವುದು ಕಡಿಮೆಯಾಗುವುದೆಂದು 2024ರಲ್ಲಿ ದೊಡ್ಡ ಪರೀಕ್ಷೆಗಳು ತೋರಿಸಿವೆ. ರಕ್ತವನ್ನು ತೆಳುಮಾಡುವ ಮಾತ್ರೆ ನುಂಗುವ ಹಿರಿಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು.

ಇನ್ನೊಂದು ಮೆನಿಂಜೈಟಿಸ್, ಎಂದರೆ ಪೊರೆಗಳ ಉರಿಯೂತ. ಜ್ವರ, ತೀವ್ರವಾದ ತಲೆನೋವು, ವಾಂತಿ, ಬೆಳಕನ್ನು ಸಹಿಸಲಾರದಿರುವುದು, ಗದ್ದವನ್ನು ಎದೆಗೆ ತಾಗಿಸಲಾರದಷ್ಟು ಕತ್ತು ಬಿಗಿಯುವುದು, ಪ್ರಜ್ಞೆ ಮಂಕಾಗುವುದು ಇದರ ಲಕ್ಷಣಗಳು. ಎಳೆಯ ಕೂಸುಗಳಲ್ಲಿ ಕತ್ತಿನ ಬಿಗಿತ ಕಾಣದಿರಬಹುದು. ಹಾಲು ಕುಡಿಯದೆ ಮಂಕಾಗಿ ಬಿದ್ದಿರುವುದೇ ಸೂಚನೆಯಾಗಬಹುದು. ಬ್ಯಾಕ್ಟೀರಿಯದಿಂದ ಬಂದುದಾದರೆ ಒಂದೊಂದು ಗಂಟೆಯೂ ಅಮೂಲ್ಯ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವ ಮುನ್ನ ಕ್ಷಯದ ಮೆನಿಂಜೈಟಿಸ್ ತಗಲಿದವರು ಬದುಕುವುದು ತೀರ ಅಪೂರ್ವವಾಗಿತ್ತು. ಈಗ ಬೇಗ ಗುರುತಿಸಿದರೆ ಚಿಕಿತ್ಸೆಯುಂಟು. ಹುಟ್ಟಿದ ಕೂಸಿಗೆ ಹಾಕುವ ಬಿ.ಸಿ.ಜಿ. ಲಸಿಕೆಯ ಒಂದು ಮುಖ್ಯ ಪ್ರಯೋಜನವೇ ಈ ರೋಗದಿಂದ ರಕ್ಷಣೆ.

ರೋಗವನ್ನು ಖಚಿತವಾಗಿ ತಿಳಿಯಲು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಈ ವಿಧಾನವನ್ನು ಬಳಕೆಗೆ ತಂದನು. ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುವುದೆಂದು ಅಂಜಿ, ಒಪ್ಪಿಗೆ ಕೊಡದ ಬಂಧುಗಳುಂಟು. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲಿಯೇ ಮುಗಿಯುತ್ತದೆ. ಪೊರೆಗಳ ಚೀಲ ಮಾತ್ರ ಕೆಳಗಿನವರೆಗೂ ಹಬ್ಬಿರುತ್ತದೆ. ಸೂಜಿ ಹೋಗುವುದು ಆ ಕೆಳಗಿನ ಭಾಗಕ್ಕೆ. ಅಲ್ಲಿ ಹುರಿಯೇ ಇಲ್ಲ. ಅಂಜಿಕೆಯಿಂದ ತಡಮಾಡುವುದರಲ್ಲಿಯೇ ಹೆಚ್ಚಿನ ಅಪಾಯವಿದೆ.

ಮಾಸ್ಕಾನಿ ಕಂಡುದನ್ನು ಲೋಕ ಒಪ್ಪಿಕೊಳ್ಳುವುದಕ್ಕೆ ಎರಡು ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು. ಪೊರೆಗಳ ಪೂರ್ಣ ರಹಸ್ಯ ಈಗಲೂ ಬಯಲಾಗಿಲ್ಲ. ಹರಿವನ್ನು ಸರಿಪಡಿಸಿ ಮನುಷ್ಯನ ಮರೆವನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಗೆ ಮುಂದಿನ ವರ್ಷಗಳ ಪರೀಕ್ಷೆಗಳು ಉತ್ತರ ಹೇಳಬೇಕು. ಅಲ್ಲಿಯವರೆಗೆ ವಾಚಕರು ನೆನಪಿನಲ್ಲಿಡಬೇಕಾದುದು ಇಷ್ಟು: ಮನೆಯ ಹಿರಿಯರು ತಲೆಗೆ ಪೆಟ್ಟು ಮಾಡಿಕೊಂಡು ಕೆಲವು ವಾರಗಳಲ್ಲಿ ಮಂಕಾದರೆ ಅದನ್ನು ವಯಸ್ಸಿನ ಮೇಲೆ ಹೊರಿಸಬಾರದು, ಜ್ವರದೊಡನೆ ಕತ್ತು ಬಿಗಿದರೆ ಬೆಳಗಾಗಲೆಂದು ಕಾಯಬಾರದು.